ಕ್ಷುದ್ರಗ್ರಹಕ್ಕೆ ಹೆದರಿ ಅಟ್ಟ ಸೇರಿದ ಇಡ್ಲಿ ತಟ್ಟೆ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ಟು ತೊಳೆದು, ಹಾಲು ಕಾಯಲಿಟ್ಟೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ತೊಡುತ್ತಾಳೆಂಬ ಭರವಸೆ ಮಾತ್ರ ಇರಲಿಲ್ಲ. ಇನ್ನು ಏಳು ವರ್ಷಕ್ಕೆ ಒಂದು ಕ್ಷುದ್ರಗ್ರಹ ಭೂಮಿಗೆ ಬಡಿಯಬಹುದು, ನಮ್ಮ ಕಡೆಗೂ ಬೀಳಬಹುದು ಎಂದು ಟಿವಿಯಲ್ಲಿ ಕೇಳಿದಾಗಿನಿಂದ ಅವಳು ನನ್ನ ಸೆರಗು ಬಿಟ್ಟಿರಲಿಲ್ಲ. ನಾಲ್ಕು ದಿನ ಸ್ಕೂಲಿಗೂ ಹೋಗಿರಲಿಲ್ಲ. ಒಂಬತ್ತು ವರ್ಷದವಳಿಗೆ ಏಳು ವರ್ಷವೂ ಒಂದೇ, ಮುಂದಿನ ವಾರವೂ ಒಂದೇ. ಅವತ್ತು ಗಣಿತದ ಪರೀಕ್ಷೆ ಬೇರೆ.

ತಮಿಳು ಸೀಮೆಯ ಪೋರೂರಿನಲ್ಲಿ ನಮ್ಮದು ನೆಲಮಹಡಿಯ ಮನೆ. ಒಮ್ಮೆ ಮಳೆನೀರು ಮಂಚದ ಕಾಲು ಮುಳುಗುವಷ್ಟು ಒಳಗೆ ಬಂದಿತ್ತು. ಅಲ್ಲಿಂದಾಚೆ ಆಪತ್ತು ಅಂದರೆ ನಮಗೆ ಗೊತ್ತಿರುವುದು ಒಂದೇ ಕೆಲಸ, ಸಾಮಾನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟಕ್ಕೇರಿಸುವುದು. ಈ ಸಲವೂ ಟಿವಿ ನೋಡಿದ ದಿನವೇ ಮಗಳು ಕೇಳಿದಳು, ನಾನು ಸ್ಟೂಲು ಹತ್ತಿದೆ. ರೇಷನ್ ಕಾರ್ಡು, ಮದುವೆಯ ಆಲ್ಬಮ್ಮು, ಅವಳ ಬಣ್ಣದ ಪೆನ್ಸಿಲ್ಲು, ಪಕ್ಕದ ಮನೆ ಮಾಮಿಯಿಂದ ತಂದಿದ್ದ ಇಡ್ಲಿ ತಟ್ಟೆ. "ಮಾಮಿಯೋಡದು ತೊಲೆಯಕ್ಕೂಡಾದು," ಅಂದಳು ತಮಿಳಿನಲ್ಲಿ. ಮಾಮಿಯದು ಕಳೆದುಹೋಗಬಾರದಂತೆ. ಒಂದೊಂದಕ್ಕೂ ಚಿಕ್ಕಂದಿನಲ್ಲಿ ನನಗೆ ಕಾನ್ವೆಂಟಿನ ಸಿಸ್ಟರು ತಿದ್ದಿಸಿದ ದುಂಡು ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಬೇಡ ಕಣೇ ಅನ್ನಬಹುದಿತ್ತು. ಆದರೆ ಬರೆಯುತ್ತಿದ್ದಷ್ಟು ಹೊತ್ತು ನನಗೂ ಸ್ವಲ್ಪ ಧೈರ್ಯ ಬರುತ್ತಿತ್ತು.

ಅಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಪೇಪರು ಬಿಡಿಸಿದ ನಮ್ಮ ಯಜಮಾನರು, "ಇಲ್ನೋಡೇ," ಅಂದರು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಹೊಸ ಲೆಕ್ಕದ ಪ್ರಕಾರ ಅದು ಭೂಮಿಯನ್ನು ಮುಟ್ಟದೆ ಹಾದುಹೋಗುತ್ತದಂತೆ. ಮಗಳಿಗೆ ಎರಡು ಸಲ ಓದಿ ಹೇಳಿದೆ.

"ನಿಜಮಾವಾ, ಅಮ್ಮಾ?"

"ನಿಜವಾಗ್ಲೂ ಕಣೇ."

"ಪ್ರಾಮಿಸ್?"

"ಪ್ರಾಮಿಸ್. ಪೇಪರಲ್ಲೇ ಬಂದಿದೆಯಲ್ಲ."

ಆ ನಾಲ್ಕು ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಬಾಚಣಿಗೆ ತಂದು ನನ್ನ ಕೈಗಿಟ್ಟು, ಬೆನ್ನು ಮಾಡಿ ಕೂತಳು. ಜಡೆ ಹೆಣೆದು ರಿಬ್ಬನ್ ಕಟ್ಟಿದೆ. ಸ್ಕೂಲಿನ ಗೇಟಿನಲ್ಲಿ ಸೆರಗು ಬಿಟ್ಟವಳು ಓಡಿಯೇ ಹೋದಳು, ತಿರುಗಿ ನೋಡಲಿಲ್ಲ. ನಾನು ಅಲ್ಲೇ ಗೋಡೆಗೊರಗಿ, ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರು ಬಿಟ್ಟೆ.

ಸಂಜೆ ನಾನೂ ಮಗಳೂ ಸೇರಿ ಅಟ್ಟದಿಂದ ಒಂದೊಂದೇ ಇಳಿಸುತ್ತಿದ್ದೆವು. ಮೈಸೂರಿನಲ್ಲಿ ಓದಿ ಕನ್ನಡ ಕಲಿತ ಮಾಮಿ ಬಾಗಿಲಲ್ಲಿ ನಿಂತು ನೋಡಿದರು. ಮಗಳು ಎಲ್ಲ ಕಥೆ ಹೇಳಿದಳು.

"ಅಯ್ಯೋ, ಮೇಲಿಂದ ಬೀಳೋ ಕಲ್ಲಿಗೆ ಹೆದರಿ ಎಲ್ಲಾ ಮೇಲೇ ಇಟ್ರಾ?" ಅಂದರು ಮಾಮಿ. "ಸರಿ ಸರಿ, ನನ್ನ ಇಡ್ಲಿ ತಟ್ಟೆ ಮೊದಲು ಇಳಿಸಮ್ಮಾ. ನಾಳೆಗೆ ಹಿಟ್ಟು ರುಬ್ಬಿಟ್ಟಿದೀನಿ."