ಚಕ್ರಕ್ಕೆ ಅಂಟಿಸಿದ ಎರಡು ಆಯಸ್ಕಾಂತ

ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು ವೈರಕ್ಕ. ವಯಸ್ಸು ನಲವತ್ತಾರು, ಬೆರಳ ತುದಿಗಳಲ್ಲಿ ಬೆಸುಗೆ ಸುಟ್ಟ ಕಲೆಗಳು. ವೈರಿಂಗ್ ಕೆಲಸವನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಹರಿದ ಮ್ಯಾನುಯಲ್‌ಗಳ ಚಿತ್ರ ನೋಡಿ, ಫ್ಯೂಸ್ ಸುಟ್ಟು, ಬೈಗುಳ ತಿಂದು ತಾನೇ ಕಲಿತಳು. ಗ್ಯಾರೇಜು ಅಕ್ಕನ ಗಂಡನದು. ಹಾಗಾಗಿ ಅಲ್ಲಿ ಅವಳಿಗೆ ಕೆಲಸವೂ ಉಂಟು, ಸದರವೂ ಉಂಟು.

ಆ ಬುಧವಾರ ಬೆಳಿಗ್ಗೆ ಬಟ್ಟೆ ವ್ಯಾಪಾರಿಯೊಬ್ಬ ತನ್ನ ಬೈಕನ್ನು ತಳ್ಳಿಕೊಂಡು ಬಂದ. ಆಕ್ಸಿಲರೇಟರ್ ಹಿಡಿಯದೆಯೇ ಬೈಕನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಡಬ್ಬಿಯನ್ನು ಹಿಂದಿನ ತಿಂಗಳು ವೈರಕ್ಕನೇ ಅದಕ್ಕೆ ಹಾಕಿದ್ದಳು.

“ಅರವತ್ತಕ್ಕೆ ಇಟ್ಟು ಕೈ ಬಿಟ್ಟೆ ತಾಯಿ. ಇದ್ದಕ್ಕಿದ್ದಂತೆ ಹುಚ್ಚುಕುದುರೆ ಹಾಗೆ ನುಗ್ಗಿತು. ಬ್ರೇಕ್ ಒತ್ತಿದೆ, ಬಚಾವಾದೆ,” ಎಂದ. ಮತ್ತೆ ಅದನ್ನು ಹತ್ತುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಅವಳು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬ್ರೇಕ್ ಡಿಸ್ಕಿನ ಎರಡು ಬೋಲ್ಟುಗಳ ತಲೆಯ ಮೇಲೆ ಒಂದೊಂದು ಪುಟ್ಟ ಆಯಸ್ಕಾಂತ ಇರಬೇಕಿತ್ತು. ಒಂದೇ ಇತ್ತು.

ಕ್ರೂಸ್ ಡಬ್ಬಿಗೆ ರಸ್ತೆ ಕಾಣುವುದಿಲ್ಲ, ಸವಾರನ ಪರಿಚಯವೂ ಇಲ್ಲ. ಪಕ್ಕದ ಸೆನ್ಸರ್ ಮುಂದೆ ಆಯಸ್ಕಾಂತ ಎಷ್ಟು ಸಲ ಹಾದುಹೋಯಿತು ಎಂದು ಎಣಿಸುವುದಷ್ಟೇ ಅದರ ಕೆಲಸ. ಚಕ್ರದ ಒಂದು ಸುತ್ತಿಗೆ ಎರಡು ಎಣಿಕೆ ಎಂದು ಕಲಿಸಿದ ಮೇಲೆ ಒಂದು ಉದುರಿದರೆ, ಅರವತ್ತರಲ್ಲಿ ಓಡುವ ಬೈಕು ಅದಕ್ಕೆ ಮೂವತ್ತಾಗಿ ಕಾಣುತ್ತದೆ. ವೇಗ ಸಾಲದೆಂದು ಆಕ್ಸಿಲರೇಟರ್ ಎಳೆಯುತ್ತಲೇ ಹೋಗುತ್ತದೆ.

ಅದೇ ಅಂಟಿನಲ್ಲಿ, ಅದೇ ಕೈಯಲ್ಲಿ, ಹೋದ ವಾರ ಡಬ್ಬಿಯಣ್ಣನ ಬೈಕಿಗೂ ಆಯಸ್ಕಾಂತ ಅಂಟಿಸಿದ್ದಳು. ಊರಾಚೆಯ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ಡಬ್ಬಿ ಹೊತ್ತು ದೊಡ್ಡ ಲ್ಯಾಬಿಗೆ ಮುಟ್ಟಿಸುವವನು ಅವನು. ಬಲ ಮಣಿಕಟ್ಟು ಮುರಿದು ಕೂಡಿದ್ದರಿಂದ ಹೆಚ್ಚು ಹೊತ್ತು ಆಕ್ಸಿಲರೇಟರ್ ತಿರುಚಿ ಹಿಡಿಯಲಾರ. ಅದಕ್ಕೇ ಕ್ರೂಸ್ ಹಾಕಿಸಿಕೊಂಡಿದ್ದ.

“ಭಾವ, ಬ್ರೇಕ್ ಬಿಸಿಗೆ ಡಿಸ್ಕ್ ಕಾಯುತ್ತೆ, ಅಂಟು ನಿಲ್ಲಲ್ಲ, ಅರ್ಧ ದಿನ ಹಿಡಿದರೂ ಟ್ಯಾಂಕ್ ಬಿಚ್ಚಿ ವೈರಿಂಗ್ ಮಾಡೋಣ ಅಂತ ಅವತ್ತೇ ಹೇಳಿದ್ದೆ.”

“ಹೇಳಿದ್ದೆ, ಆಮೇಲೆ ಅಂಟಿಸಿದ್ದೂ ನೀನೇ,” ಎಂದ ಭಾವ. “ಉದುರಿದ್ದು ಇವನದು. ಅವನದು ಉದುರಿಲ್ಲವಲ್ಲ?”

“ಉದುರೋವರೆಗೂ ಕಾಯಬೇಕಾ?”

“ತಪ್ಪು ನಮ್ಮದು ಅಂತ ಊರಿಗೆಲ್ಲ ಡಂಗುರ ಹೊಡೀಬೇಡ. ಸರ್ವಿಸ್‌ಗೆ ಬಂದಾಗ ಸದ್ದಿಲ್ಲದೆ ಸರಿಮಾಡು.”

“ಸರ್ವಿಸ್‌ಗೆ ಇನ್ನೂ ಎರಡು ತಿಂಗಳಿದೆ ಭಾವ.”

ಭಾವ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಅರ್ಧ ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವವನನ್ನು ನಾವು ಚಾಲಾಕಿ ಎಂದು ಹೊಗಳುತ್ತೇವೆ. ಮಿಕ್ಕ ಕೆಲಸವನ್ನು ಯಾರ ಪ್ರಾಣದ ಮೇಲೆ ಹೊರಿಸಿದ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ವೈರಕ್ಕನೂ ಅವತ್ತು ಕೇಳಿರಲಿಲ್ಲ. ಒಂದು ಮಾತು ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಅಂಟಿನ ಟ್ಯೂಬ್ ಹಿಂಡಿದ್ದಳು.

ಡಬ್ಬಿಯಣ್ಣನಿಗೆ ಫೋನ್ ಮಾಡಿದಳು. ಎತ್ತಲಿಲ್ಲ, ಬೈಕಿನ ಮೇಲಿದ್ದಾನೆ ಎಂದರ್ಥ. ಸ್ಕೂಟರ್ ಹತ್ತಿ ಲ್ಯಾಬಿನ ಗೇಟಿಗೆ ಹೋಗಿ ನಿಂತಳು. ಹನ್ನೊಂದೂವರೆಗೆ ಬರಬೇಕಾದವನು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಬಂದ. ಅಷ್ಟರಲ್ಲಿ ಅವಳು ಆ ರಸ್ತೆಯಲ್ಲಿ ಹೋದ ಪ್ರತಿ ಆಂಬುಲೆನ್ಸಿನೊಳಗೂ ಇಣುಕಲು ನೋಡಿದ್ದಳು.

“ಏನು ವೈರಕ್ಕ, ರಕ್ತ ಕೊಡೋಕೆ ಬಂದ್ಯಾ?”

ಅವಳು ಚಕ್ರದ ಬಳಿ ಕೂತಳು. ಆಯಸ್ಕಾಂತ ಎರಡೂ ಇದ್ದವು. ಒಂದು ಮಾತ್ರ ಉಗುರು ತಾಗಿದ್ದೇ ಹಾಲುಹಲ್ಲಿನಂತೆ ಅಲುಗಾಡಿ ಕೈಗೆ ಬಂತು. ಅದನ್ನು ಅವನ ಅಂಗೈಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಭಾವನ ಹೆಸರೆತ್ತಲಿಲ್ಲ.

“ಕಣ್ಣು ಮುಚ್ಚಿ ನಂಬು ಅಂತ ಹೇಳಿದ್ದು ನೀನೇ ತಾನೆ?”

“ನಾನೇ.”

“ನಾನು ಅದನ್ನೇ ಮಾಡಿದೆ ನೋಡು.” ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಕ್ರೂಸಿನ ಪ್ಲಗ್ ಕಿತ್ತಳು. “ನಾಳೆ ಬೈಕ್ ಬಿಟ್ಟುಹೋಗು. ಟ್ಯಾಂಕ್ ಬಿಚ್ಚಿ, ಗೇರ್‌ಬಾಕ್ಸಿಂದ ಸ್ಪೀಡೋಮೀಟರಿಗೆ ಹೋಗೋ ವೈರಿಂದಲೇ ಲೆಕ್ಕ ತಗೋತೀನಿ. ಅಲ್ಲಿ ಅಂಟೂ ಇಲ್ಲ, ಉದುರೋದೂ ಇಲ್ಲ.”

“ನನ್ನ ಡಬ್ಬಿ ನೀನು ಹೊರ್ತೀಯಾ?”

“ನನ್ನ ಸ್ಕೂಟರ್ ತಗೊಂಡು ಹೋಗು. ಆಕ್ಸಿಲರೇಟರ್ ಹಗುರ ಇದೆ.”

ಮರುದಿನ ಭಾವ ಎರಡು ಸಲ ಬಂದು, ಬಿಚ್ಚಿಟ್ಟ ಟ್ಯಾಂಕನ್ನೂ ಅವಳನ್ನೂ ದುರುಗುಟ್ಟಿ ನೋಡಿ ಹೋದ. ಅವಳು ತಲೆ ಎತ್ತಲಿಲ್ಲ. ಜೋಡಣೆ ಬೆಸೆದು, ಟೇಪ್ ಸುತ್ತಿ, ಕ್ರೂಸ್ ಡಬ್ಬಿಗೆ ಹೊಸ ಎಣಿಕೆ ಕಲಿಸುವಷ್ಟರಲ್ಲಿ ಮೂರು ಗಂಟೆ. ಡಬ್ಬಿಯಣ್ಣ ಬಂದವನೇ ಕೀಲಿಗೆ ಕೈಚಾಚಿದ.

“ತಡಿ. ಮೊದಲು ನಾನು,” ಎಂದು ಹೆಲ್ಮೆಟ್ ಹಾಕಿಕೊಂಡಳು.

ಊರ ಹೊರಗಿನ ನೇರ ರಸ್ತೆಯಲ್ಲಿ ಅರವತ್ತಕ್ಕೆ ತಂದು ಬಟನ್ ಒತ್ತಿದಳು. ಎಡಗೈ ಹ್ಯಾಂಡಲ್ ಮೇಲೆ, ಪಾದ ಬ್ರೇಕಿನ ಮೇಲೆ. ನಂತರ ಬಲಗೈ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಸ್ಪೀಡೋಮೀಟರಿನ ಮುಳ್ಳು ಅರವತ್ತರಲ್ಲೇ ನಿಂತಿತು.