ಬಂಗಲೆಯ ದೊಡ್ಡ ಕೊಡೆ

“ಬಿಟ್ಟುಬಿಡಲಾ, ರೈಟ್ರೇ?” ಎಂದು ಆಳು ಮುತ್ತು ಕೂಗಿದ. ಬಂಗಲೆಯ ಅಂಗಳದಲ್ಲಿ ನೆಟ್ಟಿದ್ದ ದೊಡ್ಡ ಬಣ್ಣದ ಕೊಡೆಯ ಕಂಬವನ್ನು ಅವನು ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದ. ಗಾಳಿ ಕೊಡೆಯನ್ನು ಮೇಲಕ್ಕೆ ಎಳೆಯುತ್ತಿತ್ತು.

ಕೊಡಗು ಮೈಸೂರಿಗೆ ಸೇರಿದ ಮರುವರ್ಷ. ಮೂರ್ನಾಡಿನ ಬಳಿಯ ಕಾಫಿ ತೋಟವೊಂದರಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಮಧ್ಯಾಹ್ನ ಗಾಳಿಮಳೆ ಎದ್ದಾಗ ಬೆತ್ತದ ಕುರ್ಚಿಗಳನ್ನೆಲ್ಲ ವರಾಂಡಕ್ಕೆ ಸಾಗಿಸಿದೆವು. ಕೊಡೆಯನ್ನು ಮಡಚುವುದು ಬಟ್ಲರನಿಗೆ ಮಾತ್ರ ಗೊತ್ತಿತ್ತು. ಬೇರೆ ಯಾರೂ ಮುಟ್ಟಬಾರದೆಂದು ತೋಟದ ದೊರೆಯ ಅಪ್ಪಣೆಯಿದ್ದುದರಿಂದ ನಾವು ಯಾರೂ ಕಲಿತಿರಲಿಲ್ಲ. ಬಟ್ಲರ್ ಅಂದು ರಜೆಯಲ್ಲಿದ್ದ.

“ಬಿಡಬೇಡ ಮಾರಾಯ, ಹರಿದರೆ ದೊರೆ ನಮ್ಮಿಬ್ಬರ ಚರ್ಮ ಸುಲೀತಾರೆ” ಎಂದು ವರಾಂಡದಲ್ಲಿ ನಿಂತೇ ಹೇಳಿದೆ.

“ನಿಮ್ಮ ಚರ್ಮ ವರಾಂಡದಲ್ಲಿ ಭದ್ರವಾಗಿದೆ ಬಿಡಿ, ರೈಟ್ರೇ” ಎಂದು ಅವನು ನಕ್ಕ.

ಮರುಕ್ಷಣ ಗಾಳಿ ಕೊಡೆಯನ್ನು ಕಂಬಸಮೇತ ಕಿತ್ತು, ಅವನನ್ನೂ ಎಳೆದೊಯ್ದು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿತು. ಅವನ ಬಲಗೈ ಮೊಣಕೈಯ ಬಳಿ ಹಿಂದಕ್ಕೆ ತಿರುಚಿಕೊಂಡಿತ್ತು. ದೊರೆಸಾನಿ ಬಾಗಿಲಿಗೆ ಬಂದು, “ಬಟ್ಟೆ ಹರಿಯಿತೇ?” ಎಂದು ಕೇಳಿದರು. ನಾನು ಇಳಿದು ಹೋಗಿ, ಬಗ್ಗಿ ಮೊದಲು ಕೊಡೆಯ ಬಟ್ಟೆಯನ್ನೇ ನೋಡಿದೆ. “ಇಲ್ಲಮ್ಮಾ” ಎಂದೆ. ಆಮೇಲೆ ಅವನನ್ನು ಎತ್ತಿದೆವು.

ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದರಲ್ಲಿ ಮುತ್ತುವಿನಷ್ಟು ಚುರುಕಿನವರು ತೋಟದಲ್ಲಿ ಇರಲಿಲ್ಲ. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅವನು ಮತ್ತೆ ಮರ ಹತ್ತಲಿಲ್ಲ. ಗಾಳಿಯಿಂದ ಹೀಗಾಯಿತೆಂದು ಎಲ್ಲರೂ ಹೇಳುತ್ತಿದ್ದರು. ಅವನ ಹೆಂಡತಿ ಬಂದು ಕೇಳಿದಾಗ ನಾನೂ ಹಾಗೆಯೇ ಹೇಳಿದೆ.