ಮರ ಇಲ್ಲ, ಗಿಡ ನಾಲ್ಕು

ಆಕೆ ಒಳಗಿನಿಂದ ಎರಡು ಪೊರಕೆಗಳನ್ನು ತಂದು ಹೊಸ್ತಿಲ ಮೇಲೆ ನನ್ನ ಮುಂದಿಟ್ಟಳು. ಒಂದು ಹುಲ್ಲಿನದು, ಇನ್ನೊಂದು ತೆಂಗಿನ ಕಡ್ಡಿಯದು. ಕಡ್ಡಿ ಪೊರಕೆಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಬಿಗಿದಿತ್ತು. “ಹೇ ದೋನ್‌ಚ ಆಹೇತ,” ಎಂದಳು. ಇವೆರಡೇ ಇರುವುದು. ಹಿಂದೆ ನಿಂತಿದ್ದ ಅವಳ ಅತ್ತೆ, ಸರ್ಕಾರದವರು ಇನ್ನು ಪೊರಕೆಗೂ ತೆರಿಗೆ ಹಾಕುತ್ತಾರೇನೋ ಎಂದದ್ದಕ್ಕೆ ಅಕ್ಕಪಕ್ಕದ ಬಾಗಿಲುಗಳೆಲ್ಲ ನಕ್ಕವು.

ನಾನು ಕೇಳಿದ್ದು ಮರಗಳನ್ನು. ಮರಾಠಿಯಲ್ಲಿ ಮರಕ್ಕೆ ‘ಝಾಡ್’, ಪೊರಕೆಗೆ ‘ಝಾಡೂ’. ಕಾರ್ ಅನ್ನು ಕಾರು, ಬಸ್ ಅನ್ನು ಬಸ್ಸು ಮಾಡಿಕೊಳ್ಳುವ ನಮ್ಮ ನಾಲಿಗೆ ಝಾಡ್‌ಗೂ ಒಂದು ಉಕಾರ ಹಚ್ಚಿತ್ತು. ಪುಣೆಯಲ್ಲಿ ನನ್ನ ಕೆಲಸ ಶುರುವಾದದ್ದು ಹೀಗೆ, ಹಡಪಸರದ ಒಂದು ಓಣಿಯಲ್ಲಿ, ಎರಡು ಪೊರಕೆಗಳನ್ನು ಎಣಿಸಿ.

ನಾನು ಶಿರಾದವಳು. ಬೆಂಗಳೂರಿನಲ್ಲಿ ಪರಿಸರ ವಿಜ್ಞಾನ ಓದಿ ಇಲ್ಲಿನ ಸಂಶೋಧನೆಯೊಂದಕ್ಕೆ ಸಹಾಯಕಿಯಾಗಿ ಸೇರಿದೆ. ನಗರದ ಯಾವ ಓಣಿಗಳಲ್ಲಿ ನೆರಳಿಲ್ಲ, ನೆರಳಿಲ್ಲದ ಕಡೆ ಜನರ ನಿದ್ದೆ, ಉಸಿರಾಟ ಹೇಗಿವೆ, ಎಲ್ಲಿ ಏನು ನೆಟ್ಟರೆ ಬೇಸಗೆ ಸಹನೀಯವಾದೀತು ಎಂದು ಪತ್ತೆಹಚ್ಚುವುದು ಅದರ ಉದ್ದೇಶ. ಉದ್ದೇಶದ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ತಕರಾರಿರುವುದು ಈ ಊರಿನ ಬಗ್ಗೆ. ಇದನ್ನು ಇಷ್ಟಪಡುವ ಪ್ರಯತ್ನವನ್ನು ಈಚೆಗೆ ಬಿಟ್ಟಿದ್ದೇನೆ.

ನನ್ನ ಕೋಣೆಗೆ ಒಂದೇ ಕಿಟಕಿ. ಎದುರು ಮನೆಯ ಏಸಿ ತನ್ನ ಬಿಸಿಯನ್ನೆಲ್ಲ ಅದರೊಳಗೆ ಊದುತ್ತದೆ. ತೆರೆದರೆ ಬಿಸಿಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತದೆ. ನಗರವನ್ನು ತಂಪಾಗಿಸುವ ಸಂಶೋಧನೆಯ ವರದಿಗಳನ್ನು ನಾನು ಟೈಪು ಮಾಡುವುದು ಇಲ್ಲೇ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಮೆಟ್ಟಿಲಿಗೆ ಬರಕೂಡದು ಎಂದು ಮನೆಯೊಡತಿ ಮೊದಲ ದಿನವೇ ಹೇಳಿದ್ದರು. ಹೋಟೆಲಿನ ಸಾಂಬಾರಿಗೆ ಸಕ್ಕರೆ ಹಾಕುತ್ತಾರೆ. ಶಿರಾದಲ್ಲಿ ದಾರಿ ಕೇಳಿದರೆ ಜನ ನಿಮ್ಮ ಜೊತೆ ನಾಲ್ಕು ಹೆಜ್ಜೆ ಬರುತ್ತಾರೆ. ಇಲ್ಲಿ ಮೊದಲು ನಿಮ್ಮ ವ್ಯಾಕರಣ ತಿದ್ದುತ್ತಾರೆ, ದಾರಿ ಆಮೇಲೆ. ಶಿರಾದ ಅದೇ ಜನ ನಾಲ್ಕನೆಯ ಹೆಜ್ಜೆಗೆ ನೀವು ಯಾವ ಪೈಕಿ ಎಂದೂ ಕೇಳುತ್ತಾರೆ. ಅದನ್ನು ಬಚ್ಚಿಟ್ಟು ಹೋಲಿಸಿದರೆ ಅನ್ಯಾಯ.

ಹೀಗಿರುವಾಗ ಮಾರ್ಕೆಟ್ ಯಾರ್ಡಿನಲ್ಲಿ ಕಲಾವತಿ ಸಿಕ್ಕರು. ಅಲ್ಲಿ ಹರಿದ ಗೋಣಿಚೀಲ ಹೊಲಿಯುವ ಹೆಂಗಸರಲ್ಲಿ ಹಲವರು ಇಂಡಿ, ಅಫಜಲಪುರದ ಕಡೆಯವರು. ಎಲ್ಲರ ಮನೆಯೂ ಹಡಪಸರದ ಇನ್ನೊಂದು ಓಣಿಯಲ್ಲಿ. ಕನ್ನಡ ಕಿವಿಗೆ ಬಿದ್ದದ್ದೇ ಅವರ ಪಕ್ಕ ಕುಳಿತುಬಿಟ್ಟೆ. ನಿಯಮದ ಪ್ರಕಾರ ಓಣಿಗೆ ಹೋಗಿ ಕಣ್ಣಾರೆ ನೋಡಿ ನಮೂನೆ ತುಂಬಬೇಕಿತ್ತು. ಹಗಲು ಅವರ ಮನೆಗಳಿಗೆ ಬೀಗ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರಗಳಿಗೆ ಯಾರೂ ಬೀಗ ಹಾಕುವುದಿಲ್ಲ. ನಿಜವಾಗಿ, ಮತ್ತೊಂದು ಓಣಿಯ ನಗೆ ನನಗೆ ಬೇಡವಾಗಿತ್ತು.

ನಿಮ್ಮ ಓಣಿಯಲ್ಲಿ ಎಷ್ಟು ಮರ ಇವೆ ಎಂದು ಕಲಾವತಿಯನ್ನು ಕೇಳಿದೆ.

“ಮರಾ? ಈಗ ಯಾರ ಮನ್ಯಾಗ ಅದಾವ ಯವ್ವಾ, ಎಲ್ಲಾರೂ ಹಿಟ್ಟಿನ ಪಾಕೀಟ ತರ್ತಾರ. ಒಂದೂ ಇಲ್ಲ ಅಂತ ಬರಕೋ.”

“ಗಿಡ?”

“ಗಿಡ ನಾಕ ಅದಾವ. ಭಾಳ ಚಲೋ ಅದಾವ.”

ಹಿಟ್ಟಿನ ಪಾಕೀಟಿಗೂ ಮರಕ್ಕೂ ಏನು ಸಂಬಂಧ ಎಂದು ಹೊಳೆಯಲಿಲ್ಲ; ಕೇಳಲೂ ಇಲ್ಲ. ಮರ: ಇಲ್ಲ. ಗಿಡಗಂಟಿ: ನಾಲ್ಕು. ಬರೆದುಕೊಂಡು ಎದ್ದೆ. ಕನ್ನಡದಲ್ಲಿ ಕೇಳಿದ್ದು, ಕನ್ನಡದಲ್ಲಿ ಬಂದ ಉತ್ತರ, ಅದರಲ್ಲಿ ತಪ್ಪಾಗುವುದೇನು?

ಉತ್ತರ ಕರ್ನಾಟಕದ ಓದುಗರು ಇಷ್ಟರಲ್ಲೇ ನಕ್ಕಿರಬಹುದು. ಉಳಿದವರಿಗಾಗಿ ಹೇಳುತ್ತೇನೆ: ಅವರಲ್ಲಿ ‘ಮರ’ ಎಂದರೆ ಕಾಳು ಕೇರುವ ಮೊರ. ‘ಗಿಡ’ ಎಂದರೆ ನಾವು ಮರ ಎನ್ನುವುದು. ಇಬ್ಬರು ಕೈ ಸೇರಿಸಿ ತಬ್ಬಿದರೂ ಸಾಲದ ಬೇವೂ ಅವರಿಗೆ ಗಿಡವೇ. ನನಗೆ ಇದು ತಿಳಿಯಲು ಹತ್ತು ತಿಂಗಳು ಬೇಕಾಯಿತು.

ಅಷ್ಟರಲ್ಲಿ ನಕ್ಷೆ ತಯಾರಾಗಿತ್ತು. ಒಂದೂ ಮರವಿಲ್ಲದ ಆ ಓಣಿಗೆ ಕೆಂಪು ಬಣ್ಣ ಬಿತ್ತು. ಕೆಂಪು ಬಿದ್ದದ್ದರಿಂದಲೇ ಅದನ್ನು ಮಾದರಿ ಹಸಿರು ಓಣಿಯಾಗಿ ಆರಿಸಿದರು: ಕಾಲುದಾರಿ, ಬೆಂಚು, ಸಿಮೆಂಟಿನ ತೊಟ್ಟಿಗಳಲ್ಲಿ ಸಸಿ. ಕೆಲಸದ ಆದೇಶದ ಮೊದಲ ಸಾಲು, ಗಿಡಗಂಟಿ ತೆರವು, ನಾಲ್ಕು.

ಕೆಲಸಕ್ಕೆ ಮೊದಲು ಓಣಿ ಹೇಗಿತ್ತೆಂದು ತೋರಿಸುವ ಫೋಟೋ ತೆಗೆಯಲು ನನ್ನನ್ನು ಕಳಿಸಿದರು. ಆ ಓಣಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಮೂರು ಬೇವಿನ ಮರಗಳು ಮನೆಗಳ ತಗಡಿನ ಮೇಲೆಲ್ಲ ಚಾಚಿಕೊಂಡಿದ್ದವು. ನಾಲ್ಕನೆಯದನ್ನು ಆಗಲೇ ಉರುಳಿಸಿ, ಕೊಂಬೆಗಳನ್ನು ಬೇರೆ ಮಾಡಿ ರಾಶಿ ಹಾಕಿದ್ದರು. ಅಂದು ಯಾರೂ ಯಾರ್ಡಿಗೆ ಹೋಗಿರಲಿಲ್ಲ. ಗೋಡೆಯ ಗೇಣಗಲದ ನೆರಳಿನಲ್ಲಿ ಸಾಲಾಗಿ ಕುಳಿತಿದ್ದ ಹೆಂಗಸರಲ್ಲಿ ಕಲಾವತಿ ನನ್ನನ್ನು ಗುರುತಿಸಿದರು.

“ನಾಕ ಅಂತ ನಾನ ಹೇಳಿದ್ದೆ. ಕಡಿಯಾಕ ಎಣಿಸಿಕೊಂಡ ಹೊಂಟೀರಿ ಅಂತ ಗೊತ್ತಿದ್ರ, ಒಂದೂ ಇಲ್ಲ ಅಂತಿದ್ದೆ ಬಾಯಾರ.”

ನಾನು ಗಿಡ ಎಂದರೆ ಸಣ್ಣದು ಎಂದುಕೊಂಡಿದ್ದೆ ಎಂದೆ. ಆ ವಾಕ್ಯ ನನ್ನ ಕಿವಿಗೇ ಎಷ್ಟು ಹಗುರಾಗಿ ಕೇಳಿತೆಂದರೆ ಅರ್ಧಕ್ಕೆ ನಿಲ್ಲಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

“ಮರಾಠಿಯಾಕಿ ಬಂದಿದ್ರ ಝಾಡ ಅಂತಿದ್ದೆ, ಆಕಿಗೆ ತಿಳೀತಿತ್ತು. ನೀವು ನಮ್ಮಾಕಿ ಅಂತ ತಿಳಕೊಂಡೆ ನೋಡ್ರಿ.”

ಕೆಲಸ ನಿಲ್ಲಿಸಿ ಎಂದು ಆಳುಗಳ ಮೇಸ್ತ್ರಿ ಮುಕಾದಮನಿಗೆ ಹೇಳಿದೆ. ಅವನು ಒರಟನಲ್ಲ, ಆದೇಶ ತೋರಿಸಿದ. ಮರವಾದರೆ ಹಳದಿ ಬಣ್ಣದಲ್ಲಿ ಸಂಖ್ಯೆ ಇರುತ್ತದೆ, ಸಂಖ್ಯೆ ಇದ್ದರೆ ಬೇರೆ ಅನುಮತಿ ಇಲ್ಲದೆ ತಾನು ಮುಟ್ಟುವುದಿಲ್ಲ. ಇವುಗಳ ಮೇಲೆ ಏನೂ ಇಲ್ಲವಲ್ಲ ಎಂದ. ಉಳಿದ ಮೂರು ನಾಳೆ.

ಮಧ್ಯಾಹ್ನ ನಮ್ಮ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರು ರೇಗಲಿಲ್ಲ. ತಿದ್ದುಪಡಿಯನ್ನು ಮುಂದಿನ ತಿಂಗಳ ಸಭೆಗೆ ಇಡೋಣ, ಭಾಷೆಯ ತೊಡಕು ಎಂದು ಬರೆಯಿರಿ ಎಂದರು. ನಾನು ಜಾಗಕ್ಕೇ ಹೋಗಿರಲಿಲ್ಲ ಎಂದು ಬರೆದರೆ ಕನ್ನಡದವರ ಓಣಿಗಳಲ್ಲಿ ನಾನು ತುಂಬಿದ ನಮೂನೆಗಳೆಲ್ಲ ಅನುಮಾನಕ್ಕೆ ಬೀಳುತ್ತವೆ, ಇದೇ ತಿಂಗಳು ನನ್ನ ನೇಮಕಾತಿಯ ನವೀಕರಣವೂ ಇದೆ ಎಂದು ನೆನಪಿಸಿದರು. ಭಾಷೆಗೆ ಆ ಅಪರಾಧ ಹೊರಿಸಲು ನನಗೆ ಮನಸ್ಸಾಗಲಿಲ್ಲ. ಓಣಿಗೆ ಹೋಗಿರಲಿಲ್ಲ ಎಂದೇ ಬರೆದು ಕಳಿಸಿದೆ. ಈ ಬರಹ ನಿಮ್ಮ ಕೈಸೇರುವ ಹೊತ್ತಿಗೆ ಕೆಲಸ ಉಳಿದಿರುತ್ತದೋ ಇಲ್ಲವೋ, ಗೊತ್ತಿಲ್ಲ.

ಶಿರಾಕ್ಕೆ ಹೋದರೆ ನನ್ನ ಮಾತಿಗೆ ಮರಾಠಿಯ ಎಳೆ ಬಂದಿದೆ ಎನ್ನುತ್ತಾರೆ. ಇಲ್ಲಿ ಮರಾಠಿಯವರಿಗೆ ನಾನು ಮದ್ರಾಸಿನವಳು. ಕನ್ನಡದವರು ಮೊದಲ ದಿನ ಯವ್ವಾ ಎಂದಿದ್ದರು. ಈಗ ಬಾಯಾರ, ಅಂದರೆ ಮೇಡಂ, ಹೊರಗಿನ ಹೆಂಗಸು. ಊರು ಬಿಟ್ಟವರು ನೆಲ ಕಳೆದುಕೊಳ್ಳುತ್ತಾರೆ ಎಂದು ಕೇಳಿದ್ದೆ. ನಾನು ಕಳೆದುಕೊಂಡದ್ದು ಎರಡು ಶಬ್ದಗಳ ಮೇಲಿನ ನಂಬಿಕೆ. ಮರ ಎನ್ನುವ ಮೊದಲು ಈಗ ಎದುರಿಗೆ ಯಾರಿದ್ದಾರೆ ಎಂದು ನೋಡುತ್ತೇನೆ.

ಮರುದಿನ ಬೆಳಿಗ್ಗೆ, ಮುಕಾದಮನ ಆಳುಗಳು ಬರುವ ಮೊದಲೇ, ಹಳದಿ ಬಣ್ಣದ ಡಬ್ಬಿ, ಬ್ರಷ್ಷು, ಅಳತೆಯ ಟೇಪು ಹಿಡಿದು ಓಣಿಗೆ ಹೋದೆ. ಯಾರ ಅಪ್ಪಣೆಯೂ ಇರಲಿಲ್ಲ. ನಲ್ಲಿಯ ಬಳಿ ಹೆಂಗಸರು ನೀರು ಹಿಡಿಯುತ್ತಿದ್ದರು. ಕಲಾವತಿ ನನ್ನನ್ನು ನೋಡಿ ಮುಖ ತಿರುಗಿಸಿದರು. ಟೇಪಿನ ತುದಿ ಹಿಡಿಯಲು ಯಾರೂ ಬರಲಿಲ್ಲ, ನಾನೂ ಕರೆಯಲಿಲ್ಲ. ತೊಗಟೆಯ ಬಿರುಕಿಗೆ ತುದಿಯನ್ನು ಸಿಕ್ಕಿಸಿ ಒಂದೊಂದು ಬೇವಿನ ಸುತ್ತಲೂ ನಡೆದು ಸುತ್ತಳತೆ ಬರೆದುಕೊಂಡೆ. ಹಡಪಸರದ ಮರಗಳ ಪಟ್ಟಿಯ ಕೊನೆಯ ಸಂಖ್ಯೆಯಿಂದ ಮುಂದಕ್ಕೆ ಮೂರಕ್ಕೂ ಸಂಖ್ಯೆ ಹಾಕಿದೆ. ಅದರ ಮುಂದಿನದನ್ನು ಕಡಿದ ಬುಡದ ಮೇಲೆ ಬರೆದೆ. ಅದು ಇನ್ನೂ ಹಸಿಯಾಗಿದ್ದುದರಿಂದ ಬಣ್ಣವನ್ನು ಎರಡು ಸಲ ಹಚ್ಚಬೇಕಾಯಿತು.